ಭಾರತದಲ್ಲೇ ಹುಟ್ಟಿದ್ರೂ ಭಾರತೀಯರಲ್ಲ! ಲಂಕಾ ನಿರಾಶ್ರಿತರ ತಾರೀಖಿನ ಲೆಕ್ಕ

ನಮಸ್ಕಾರ. ನಿಮ್ಮಲ್ಲಿ ತುಂಬಾ ಜನ ಕೇಳಿದ ಪ್ರಶ್ನೆ: ತಮಿಳುನಾಡಿನ ಕ್ಯಾಂಪಲ್ಲೇ ಹುಟ್ಟಿ ಬೆಳೆದ ಶ್ರೀಲಂಕಾ ತಮಿಳರ ಮಕ್ಕಳಿಗೆ ಭಾರತದ ಪಾಸ್‌ಪೋರ್ಟ್ ಯಾಕಿಲ್ಲ?

ಹಿನ್ನೆಲೆ ಫಟಾಫಟ್. 1983ರ ಜುಲೈನಿಂದ 2009ರ ಮೇವರೆಗೆ ಲಂಕಾದಲ್ಲಿ ಅಂತರ್ಯುದ್ಧ, ಜನ ದೋಣಿ ಹತ್ತಿ ಇಲ್ಲಿಗೆ ಓಡಿ ಬಂದ್ರು. ಲಂಕಾದ ತಲೈಮನ್ನಾರಿನಿಂದ ತಮಿಳುನಾಡಿನ ಧನುಷ್ಕೋಡಿಗೆ ಸಮುದ್ರದಲ್ಲಿ ಸುಮಾರು 30 ಕಿಲೋಮೀಟರ್. ಎಷ್ಟೋ ದೋಣಿಯವರು ದಡ ಮುಟ್ಟಿಸದೆ ನಡುವಿನ ಮರಳು ದಿಬ್ಬದ ಮೇಲೆ ಇಳಿಸಿ ವಾಪಸ್ ಹೋಗಿಬಿಡ್ತಿದ್ರು. ದಡ ಸೇರಿದ್ಮೇಲೆ ವಿಚಾರಣೆ, ಮಂಡಪಂ ಕ್ಯಾಂಪಲ್ಲಿ ನೋಂದಣಿ, ಗುರುತಿನ ಚೀಟಿ. ಚೀಟಿ ಇದ್ರೆ ರೇಷನ್, ತಿಂಗಳ ಸಹಾಯಧನ ಸಿಗುತ್ತೆ. ಪೌರತ್ವ ಸಿಗಲ್ಲ.

[ಪರದೆ ಮೇಲೆ ದೊಡ್ಡದಾಗಿ: 30-06-1987]

ಅಸಲಿ ವಿಷಯ ಇಲ್ಲಿದೆ. ಈ ತಾರೀಖಿನವರೆಗೆ ಭಾರತದ ನೆಲದಲ್ಲಿ ಹುಟ್ಟಿದ್ರೆ ಸಾಕಿತ್ತು, ಅಪ್ಪ ಅಮ್ಮ ಯಾರು ಅಂತ ಕೇಳ್ತಿರಲಿಲ್ಲ. ಮರುದಿನದಿಂದ ಇಬ್ಬರಲ್ಲಿ ಒಬ್ಬರು ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ: ಒಬ್ಬರು ಭಾರತೀಯರಾದ್ರೂ ಇನ್ನೊಬ್ಬರು 'ಅಕ್ರಮ ವಲಸಿಗ', ಅಂದ್ರೆ ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದ ವಿದೇಶಿ, ಆಗಿರಬಾರದು.

ಒಂದು ಮನೆ ತಗೊಳ್ಳಿ. ಅಕ್ಕ ಹುಟ್ಟಿದ್ದು 1986, ತಮ್ಮ 1990. ಅದೇ ಕ್ಯಾಂಪು, ಅದೇ ಅಪ್ಪ ಅಮ್ಮ. ಅಕ್ಕ ಭಾರತೀಯಳು, ತಮ್ಮ ಅಲ್ಲ. ಅಕ್ಕ, ಲಂಕಾದಲ್ಲಿ ಹುಟ್ಟಿ ದೋಣಿಯಲ್ಲಿ ಬಂದ ಕ್ಯಾಂಪಿನ ಹುಡುಗನನ್ನೇ ಮದುವೆಯಾಗಿ 2006ರಲ್ಲಿ ಮಗು ಹೆತ್ತರೆ? ತಾಯಿ ಭಾರತೀಯಳು, ತಂದೆ ಕಾನೂನಿನ ಕಣ್ಣಲ್ಲಿ ಅಕ್ರಮ ವಲಸಿಗ. ಮಗುವಿಗೂ ಪೌರತ್ವ ಇಲ್ಲ! ಇವರ ಹಣೆಬರಹ ಓದೋಕೆ ಜೋಯಿಸರು ಬೇಡ, ಪೌರತ್ವ ಕಾಯ್ದೆ ಸಾಕು.

ಹಕ್ಕಿದ್ರೂ ತಾನಾಗೇ ಸಿಗಲ್ಲ ಅನ್ನೋದು ಇನ್ನೊಂದು ಕಥೆ. ಮಂಡಪಂನಲ್ಲಿ 1986ರಲ್ಲಿ ಹುಟ್ಟಿದ ಒಬ್ಬ ಮಹಿಳೆಗೆ ಪಾಸ್‌ಪೋರ್ಟ್ ನಿರಾಕರಿಸಿದ್ರು. ಜನನ ಪ್ರಮಾಣಪತ್ರ ಹಿಡ್ಕೊಂಡು ಮದ್ರಾಸ್ ಹೈಕೋರ್ಟಿಗೆ ಹೋಗಿ 2022ರಲ್ಲಿ ಗೆದ್ದರು, 2024ರಲ್ಲಿ ಮೊದಲ ಸಲ ವೋಟು ಹಾಕಿದ್ರು. ಹಾಗಾಗಿ ಆ ಕಾಲದಲ್ಲಿ ಹುಟ್ಟಿದವರಿಗೆ ಜನನ ಪತ್ರವೇ ಆಸ್ತಿ.

ಟೈಮ್ ಕಮ್ಮಿ ಇದೆ, ಉಳಿದದ್ದು ಬೇಗ ಬೇಗ. ನೋಂದಣಿ ಮಾಡಿಸಿ ಪೌರತ್ವ ಪಡೆಯೋ ದಾರಿ ಅಕ್ರಮ ವಲಸಿಗರಿಗೆ ಮುಚ್ಚಿದೆ. ಪೌರತ್ವ ಕಾಯ್ದೆಯ 2019ರ ತಿದ್ದುಪಡಿ (ಸಿಎಎ) ಕೊಟ್ಟ ರಿಯಾಯಿತಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದವರಿಗೆ ಮಾತ್ರ. ಲಂಕಾ ಯಾಕಿಲ್ಲ ಅನ್ನೋದಕ್ಕೆ ನನಗೆ ಒಪ್ಪೋ ಉತ್ತರ ಸಿಕ್ಕಿಲ್ಲ. ಕೇಂದ್ರ ಸರ್ಕಾರದ 2025ರ ಸೆಪ್ಟೆಂಬರ್ ಆದೇಶದಲ್ಲಿ, 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿದ ಲಂಕಾ ತಮಿಳರಿಗೆ ಪಾಸ್‌ಪೋರ್ಟ್, ವೀಸಾ ಇಲ್ಲದ್ದಕ್ಕೆ ಶಿಕ್ಷೆಯಿಂದ ವಿನಾಯಿತಿ ಸಿಕ್ತು. ಅಷ್ಟೇ, ಪೌರತ್ವ ಅಲ್ಲ.

ಹಾಗಾದ್ರೆ ಸುಳ್ಯ, ಪುತ್ತೂರಿನ ರಬ್ಬರ್ ತೋಟದ ತಮಿಳರು? ಅವರು ಯುದ್ಧದ ನಿರಾಶ್ರಿತರಲ್ಲ. ಲಂಕಾದ ಟೀ ತೋಟಗಳಲ್ಲಿದ್ದ ಭಾರತ ಮೂಲದ ತಮಿಳರ ಬಗ್ಗೆ ಎರಡೂ ದೇಶದ ಪ್ರಧಾನಿಗಳು ಮಾಡ್ಕೊಂಡ 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಲ್ಲಿ ಭಾರತದ ಪೌರತ್ವ ಪಡೆದು ಬಂದವರು. ಆದ್ರೆ ಅದೇ ಟೀ ತೋಟದ ಮೂಲದವರಾಗಿದ್ರೂ, ಯುದ್ಧದ ಕಾಲದಲ್ಲಿ ದೋಣಿ ಹತ್ತಿ ಬಂದ ಸಾವಿರಗಟ್ಟಲೆ ಜನ ಇವತ್ತಿಗೂ ಕ್ಯಾಂಪಲ್ಲಿದ್ದಾರೆ.