ತಿಪ್ಪೆ ಇಲ್ಲದ ಕೋಳಿಗೆ ಹುಳುವಿನ ಡಬ್ಬಿ

ನಮಸ್ಕಾರ. ಊರಲ್ಲಿ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಕೋಳಿ ನೇರ ತಿಪ್ಪೆಗೆ ಓಡುತ್ತದೆ. ಎರಡು ಸಲ ಕೆದರಿ, ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿ, ಕುಕ್ಕುತ್ತದೆ. ಈಗ ನಾವು ಸೈಟಿನ ಹಿತ್ತಲಲ್ಲಿ, ಟೆರೇಸಿನಲ್ಲಿ ನಾಲ್ಕು ಗಿರಿರಾಜ ಸಾಕುತ್ತೇವೆ. ಅದು ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲಿಗೆಂದೇ ರೂಪಿಸಿದ ಕೋಳಿ ತಳಿ. ಫೀಡ್ ಕೊಡುತ್ತೇವೆ, ನೀರು ಕೊಡುತ್ತೇವೆ. ಕೆದರಲು ಏನು ಕೊಟ್ಟಿದ್ದೇವೆ? ಸಿಮೆಂಟು!

ಅದಕ್ಕೇ ಹೇಳುತ್ತೇನೆ, ಇಂಥ ಮನೆಯಲ್ಲಿ ಒಂದು ಮೀಲ್‌ವರ್ಮ್ ಡಬ್ಬಿ ಇರಲೇಬೇಕು.

ಮನೆಯೊಳಗೆ ಹುಳುವಾ ಅಂತ ಮುಖ ಸಿಂಡರಿಸಬೇಡಿ. ಇದು ಒಂದು ಕಪ್ಪು ದುಂಬಿಯ ಮರಿ. ನುಣುಪಾದ ಪ್ಲಾಸ್ಟಿಕ್ ಗೋಡೆಯನ್ನು ಹತ್ತಲಾರದು. ಡಬ್ಬಿ ಒಣಗಿದ್ದರೆ ವಾಸನೆಯೂ ಅಷ್ಟಾಗಿ ಇಲ್ಲ. ಎರಡು ಮೂರು ಇಂಚು ಗೋಧಿ ಬೂಸಾ, ನೀರಿನ ಬದಲು ಒಂದು ತುಂಡು ಕ್ಯಾರೆಟ್, ಅಷ್ಟೇ. ಸೌತೆಕಾಯಿ ಜಾಸ್ತಿ ಹಾಕಿದರೆ ಬೂಸಾಗೆ ಬೂಷ್ಟು ಹಿಡಿಯುತ್ತದೆ. ಡಬ್ಬಿಯನ್ನು ಅಡುಗೆಮನೆಯಿಂದ ಮಾತ್ರ ದೂರ ಇಡಿ, ಹಿಟ್ಟು ಇದಕ್ಕೂ ಇಷ್ಟ.

ನನ್ನ ಮೊದಲ ಡಬ್ಬಿ ಒಂದೇ ರಾತ್ರಿಯಲ್ಲಿ ಇರುವೆಗಳ ಪಾಲಾಯಿತು. ಬೆಳಿಗ್ಗೆ ನೋಡಿ ಹೊಟ್ಟೆ ಉರಿಯಿತು. ಆಮೇಲೆ ಅಜ್ಜಿ ಹಾಲಿನ ಕಪಾಟಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುತ್ತಿದ್ದದ್ದು ನೆನಪಾಯಿತು. ಈಗ ಡಬ್ಬಿ ಇರುವ ಸ್ಟೂಲಿಗೂ ಅದೇ ವ್ಯವಸ್ಥೆ.

ಆತುರ ಬೇಡ. 25ರಿಂದ 28 ಡಿಗ್ರಿ ಸೆಖೆ ಇದಕ್ಕೆ ಹಿತ, ಡಿಸೆಂಬರಿನಲ್ಲಿ ನಿಧಾನವಾಗುತ್ತದೆ. ಮೊಟ್ಟೆ ದುಂಬಿಯಾಗಲು ಮೂರು ನಾಲ್ಕು ತಿಂಗಳು ಬೇಕು. ತಂದ ಹುಳುವನ್ನೆಲ್ಲ ಕೋಳಿಗೆ ಹಾಕಿಬಿಟ್ಟರೆ ಸಂತತಿ ಎಲ್ಲಿಂದ ಬರಬೇಕು? ಹುಳು ದುಂಬಿಯಾಗುವ ಮೊದಲಿನ ಹಂತವಾದ ಕೋಶಗಳನ್ನು ಬೇರೆ ಡಬ್ಬಿಗೆ ಎತ್ತಿಡಿ, ಇಲ್ಲದಿದ್ದರೆ ದುಂಬಿಗಳೇ ತಿಂದುಹಾಕುತ್ತವೆ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹುಳು ತಿಂಡಿ, ಊಟ ಅಲ್ಲ. ಜೀವಂತ ಹುಳುವಿನ ತೂಕದಲ್ಲಿ ಸುಮಾರು ಶೇ 60 ನೀರು, ಶೇ 20ರ ಆಸುಪಾಸು ಪ್ರೊಟೀನ್, ಶೇ 10ಕ್ಕಿಂತ ಜಾಸ್ತಿ ಕೊಬ್ಬು. ಸುಣ್ಣದ ಅಂಶ ತೀರಾ ಕಡಿಮೆ. ಮೊಟ್ಟೆ ಇಡುವ ಕೋಳಿಗೆ ಸುಣ್ಣ ಕಡಿಮೆಯಾದರೆ ಚಿಪ್ಪು ತೆಳುವಾಗುತ್ತದೆ. ಪ್ರೀತಿ ಅಂತ ಬೊಗಸೆಗಟ್ಟಲೆ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಂದು ಕೋಳಿಗೆ ಎಂಟು ಹತ್ತು ಹುಳು, ವಾರಕ್ಕೆ ಎರಡು ಮೂರು ಸಲ, ಸಾಕು. ಪುಕ್ಕ ಉದುರಿ ಹೊಸದು ಬರುವಾಗ ಸ್ವಲ್ಪ ಧಾರಾಳವಾಗಿ ಕೊಡಿ. ಪಕ್ಕದಲ್ಲಿ ಕಪ್ಪೆಚಿಪ್ಪಿನ ಪುಡಿ ಯಾವಾಗಲೂ ಇರಲಿ.

ಆದರೆ ಬಟ್ಟಲಲ್ಲಿ ಹಾಕಿ ಕೊಡಬೇಡಿ, ದಯವಿಟ್ಟು. ಹಳೆಯ ಟಬ್‌ನಲ್ಲಿ ಮಣ್ಣು ಮತ್ತು ಒಣ ಎಲೆ ತುಂಬಿ, ಹುಳುಗಳನ್ನು ಅದರೊಳಗೆ ಬಿಡಿ. ನಮ್ಮ ಕೆಂಪು ಹೇಂಟೆ ಮರಿಯಾಗಿದ್ದಾಗಿನಿಂದ ತಿಪ್ಪೆ ಕಂಡಿದ್ದೇ ಇಲ್ಲ. ಮೊದಲ ದಿನ ಟಬ್ ಹತ್ತಿ ನಿಂತಿತು. ಎರಡು ಸಲ ಕೆದರಿತು. ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿತು.