ಹುಲ್ಲುಗಾವಲಿನಲ್ಲೇ ಕಾಯ್ದಿಟ್ಟ ಮೇವು

ಕೇಳುಗರಿಗೆಲ್ಲ ನಮಸ್ಕಾರ.

ಚಳಿಗಾಲದಲ್ಲಿ ಹುಲ್ಲು ಬೆಳೆಯದ ಕಡೆ ದನ ಸಾಕುವವರನ್ನು ಹಣ್ಣು ಮಾಡುವುದು ಒಣಹುಲ್ಲಿನ ಖರ್ಚು. ಕೊಯ್ಯಬೇಕು, ಒಣಗಿಸಬೇಕು, ಕಟ್ಟಿ ಸಾಗಿಸಬೇಕು, ಆಮೇಲೆ ದಿನಾ ದನದ ಮುಂದೆ ಹಾಕಬೇಕು. ಅದರ ಬದಲು ಒಂದಷ್ಟು ಹುಲ್ಲುಗಾವಲನ್ನು ಕೊಯ್ಯದೆ ಹಾಗೇ ಬೆಳೆಯಲು ಬಿಟ್ಟು, ಚಳಿಯಲ್ಲಿ ದನಗಳನ್ನೇ ಅಲ್ಲಿಗೆ ಹೊಡೆಯಬಹುದು ಅಲ್ವಾ?

ಇದರ ತಯಾರಿ ಬೇಸಿಗೆ ಮುಗಿಯುವಾಗಲೇ ಆಗಬೇಕು. ಹುಲ್ಲಿನ ಬೆಳವಣಿಗೆ ನಿಲ್ಲುವ 60ರಿಂದ 80 ದಿನ ಮೊದಲು, ಗಾವಲನ್ನು ಮೂರು ನಾಲ್ಕು ಇಂಚು ಉಳಿಯುವಂತೆ ಮೇಯಿಸಿ ದನಗಳನ್ನು ಹೊರಗಿಡಿ. ಬಲಿತ ಕಾಂಡ ಹೋಗಿ ಹೊಸ ಎಲೆ ಬರುತ್ತದೆ. ಬೇಗ ಮುಚ್ಚಿದರೆ ಮೇವು ಜಾಸ್ತಿ, ಆದರೆ ಒರಟು. ತಡವಾದರೆ ಎಳೆಯದು ಸಿಗುತ್ತದೆ, ಸಾಲುವುದಿಲ್ಲ. ನೆಲದಲ್ಲಿ ತೇವವಿದ್ದರೆ ಈ ಹೊತ್ತಿಗೆ ಸಾರಜನಕದ ಗೊಬ್ಬರ ಕೊಡಿ.

ಯಾವ ಹುಲ್ಲು? ಟಾಲ್ ಫೆಸ್ಕ್ಯೂ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಎಲೆಯ ಮೇಲೆ ಮೇಣದಂಥ ಪದರವಿದೆ, ಹಿಮ ಬಿದ್ದರೂ ಬೇಗ ಕೊಳೆಯುವುದಿಲ್ಲ. ರಾತ್ರಿ ತಣ್ಣಗಾದಷ್ಟೂ ಎಲೆಯಲ್ಲಿ ಸಕ್ಕರೆ ಕೂಡುತ್ತದೆ. ಕ್ಲೋವರ್ ಎಂಬ ದ್ವಿದಳ ಮೇವು ಅಷ್ಟು ದಿನ ತಡೆಯುವುದಿಲ್ಲ, ಅದಿರುವ ಗಾವಲನ್ನು ಮೊದಲು ಮೇಯಿಸಿ ಮುಗಿಸಿ.

ಈಗ ನಾನು ಒತ್ತಿ ಹೇಳಬೇಕಾದ ಮಾತು. ಇಷ್ಟು ಕಷ್ಟಪಟ್ಟು ಕಾಯ್ದ ಹುಲ್ಲನ್ನು ಒಂದೇ ಸಲ ಪೂರ್ತಿ ತೆರೆದುಬಿಡಬೇಡಿ. ದನ ಒಳ್ಳೆಯ ಎಲೆಯನ್ನು ಆರಿಸಿ ತಿಂದು, ಉಳಿದದ್ದನ್ನು ತುಳಿದು, ಮೇಲೆ ಸಗಣಿ ಹಾಕುತ್ತದೆ. ಅರ್ಧದಷ್ಟು ಮೇವು ಸುಮ್ನೆ ಹಾಳು. ತಾತ್ಕಾಲಿಕ ಕರೆಂಟ್ ಬೇಲಿಯ ತಂತಿ ಎಳೆದು ಎರಡು ಮೂರು ದಿನಕ್ಕಾಗುವಷ್ಟು ಪಟ್ಟಿ ಮಾತ್ರ ಬಿಡಿ. ಅದು ಮುಗಿದ ಮೇಲೆ ತಂತಿಯನ್ನು ಮುಂದಕ್ಕೆ ಸರಿಸಿ. ನೀರಿನ ತೊಟ್ಟಿಯ ಕಡೆಯಿಂದಲೇ ಶುರು ಮಾಡಿ, ಆಗ ದನ ನೀರಿಗೆ ಬರುವಾಗ ಹೊಸ ಹುಲ್ಲನ್ನು ತುಳಿಯುವುದಿಲ್ಲ. ಹಿಂದೆ ಬೇಲಿ ಬೇಕಿಲ್ಲ, ಚಳಿಯಲ್ಲಿ ಹುಲ್ಲು ಮತ್ತೆ ಚಿಗುರುವುದಿಲ್ಲವಲ್ಲ!

ಮೆತ್ತನೆಯ ಹಿಮವನ್ನು ದನ ಮೂತಿಯಿಂದ ಸರಿಸಿ ಮೇಯುತ್ತದೆ. ಮೇಲೆ ಮಂಜುಗಡ್ಡೆ ಕಟ್ಟಿದರೆ ಅದಕ್ಕೆ ದಾರಿಯಿಲ್ಲ, ಹಾಗಾಗಿ ಸ್ವಲ್ಪ ಒಣಹುಲ್ಲು ಕೈಲಿರಲಿ. ಹಾಲು ಬತ್ತಿದ ಗಬ್ಬದ ಹಸುಗಳಿಗೆ ಒಳ್ಳೆಯ ಫೆಸ್ಕ್ಯೂ ಗಾವಲೇ ಸಾಮಾನ್ಯವಾಗಿ ಸಾಕಾಗುತ್ತದೆ, ಖನಿಜ ಮಿಶ್ರಣ ಜೊತೆಗಿರಬೇಕು. ಕರುವಿಗೆ ಹಾಲೂಡಿಸುವ ಹಸುಗಳಿದ್ದರೆ ಮಾತ್ರ ಮೇವನ್ನು ಪರೀಕ್ಷೆ ಮಾಡಿಸಿ, ಕಡಿಮೆ ಬಿದ್ದಷ್ಟು ಹಿಂಡಿ ಸೇರಿಸಿ. ನಮಸ್ಕಾರ.