ಫೋಟೋ ಯಾರದ್ದು, ಜೋಗದ್ದಾ ನಿಮ್ಮದಾ?

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದಲ್ಲಿ ಸ್ಟುಡಿಯೋ ಇಟ್ಟುಕೊಂಡವನಿಗೆ ವಾರಕ್ಕೊಮ್ಮೆಯಾದರೂ ಈ ಪ್ರಶ್ನೆ ತಪ್ಪಿದ್ದಲ್ಲ. "ಸರ್, ಫೋಟೋಗೆ ಎಲ್ಲಿಗೆ ಹೋಗೋಣ? ಜೋಗಕ್ಕಾ, ಆಗುಂಬೆಗಾ?" ನಾನು ತಿರುಗಿ ಕೇಳುತ್ತೇನೆ, "ಫೋಟೋ ಯಾರದ್ದು, ಜೋಗದ್ದಾ ನಿಮ್ಮದಾ?"

ತಮಾಷೆಗೆ ಹೇಳುವುದಲ್ಲ. ಜೋಗ 253 ಮೀಟರ್ ಎತ್ತರದಿಂದ ಬೀಳುತ್ತದೆ. ಅಷ್ಟನ್ನೂ ಫ್ರೇಮಿನೊಳಗೆ ತಂದರೆ ಮುಂದೆ ನಿಂತವರು ಇರುವೆ ಆಗುತ್ತಾರೆ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ವರೂ ಬಂದು ನಿಂತ ಮೇಲೆ ಐದನೆಯವರಿಗೆ ಜಾಗ ಎಲ್ಲಿ? ಮಳೆಗಾಲದಲ್ಲಂತೂ ಮಂಜು ಕವಿದರೆ ಜೋಗವೂ ಇಲ್ಲ, ನೀವೂ ಇಲ್ಲ.

ಮುಖದ ಫೋಟೋಗೆ ಜಾಗ ಹುಡುಕುವಾಗ ನಾನು ನೋಟ ನೋಡುವುದಿಲ್ಲ, ಬೆಳಕು ನೋಡುತ್ತೇನೆ. ಇದನ್ನು ಕಲಿತದ್ದು ಒಂದು ಪೆಟ್ಟು ತಿಂದ ಮೇಲೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಅರವತ್ತು ತುಂಬಿದ್ದಕ್ಕೆ ಒಂದು ಒಳ್ಳೆ ಫೋಟೋ ಬೇಕು ಅಂದರು. ಅವರನ್ನು ಅವರ ತೋಟದ ನಡುವೆಯೇ ನಿಲ್ಲಿಸಿದೆ. ಸಾಲು ಸಾಲು ಅಡಿಕೆ ಮರ, ತಂಪು, ಇನ್ನೇನು ಬೇಕು? ಪ್ರಿಂಟ್ ಹಾಕಿಸಿ ಕೊಟ್ಟರೆ ಅವರ ಮನೆಯವರು ಒಂದು ಕ್ಷಣ ನೋಡಿ, "ಇವರಿಗೆ ಕಾಮಾಲೆ ಆಗಿತ್ತಾ?" ಅಂದರು.

ತಪ್ಪು ನನ್ನದೇ. ತೋಟದೊಳಗೆ ಬೆಳಕು ಸೋಗೆಗಳಿಂದ ಸೋಸಿ, ಕೆಳಗಿನ ಹುಲ್ಲಿಗೆ ಬಡಿದು ಮೇಲೆ ಬರುತ್ತದೆ. ಅದು ಹಸಿರು ಬೆಳಕು. ನಮ್ಮ ಕಣ್ಣು ಅದನ್ನು ಸರಿ ಮಾಡಿಕೊಂಡು ನೋಡುತ್ತದೆ, ಕ್ಯಾಮೆರಾಗೆ ಅದು ಅಷ್ಟು ಚೆನ್ನಾಗಿ ಬರುವುದಿಲ್ಲ. ಗದ್ದದ ಕೆಳಗೆ ಹಸಿರು, ಹಣೆ ಮೇಲೆ ಬಿಸಿಲಿನ ಚುಕ್ಕಿ. ಚಿರತೆ ಹಾಗೆ.

ಮರುವಾರ ಮತ್ತೆ ಹೋದೆ. ಈ ಸಲ ತೋಟಕ್ಕೆ ಇಳಿಯಲೇ ಇಲ್ಲ. ಮನೆ ಮುಂದಿನ ಸಿಮೆಂಟ್ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿದ್ದರು. ಬಿಸಿಲು ಅಂಗಳದ ಮೇಲೆ. ಅವರನ್ನು ಜಗುಲಿ ಕಟ್ಟೆಯ ನೆರಳಲ್ಲಿ, ಅಂಗಳಕ್ಕೆ ಮುಖ ಮಾಡಿ ಕೂರಿಸಿದೆ. ಅಂಗಳಕ್ಕೆ ಬಡಿದ ಬೆಳಕು ಮೆತ್ತಗೆ ಮುಖಕ್ಕೆ ಬರುತ್ತಿತ್ತು, ಕಣ್ಣಿನ ಕೆಳಗಿನ ಕಪ್ಪನ್ನೂ ತುಂಬುತ್ತಿತ್ತು. ಮೊದಲು ಅವರು ಸೆಟೆದೇ ಕೂತರು. ಆಮೇಲೆ ಕೈಗೆಟುಕಿದ ಒಂದು ಅಡಿಕೆ ಎತ್ತಿ, ಹಲ್ಲಿಗಿಟ್ಟು ಕಚ್ಚಿ, ಒಣಗಿದೆಯಾ ಅಂತ ನೋಡಿದರು. ನಾನಿದ್ದೇನೆ ಅನ್ನುವುದೇ ಮರೆತಿತ್ತು. ಕ್ಲಿಕ್!

ಜಾಗಕ್ಕೆ ಸ್ವಲ್ಪ ಉದ್ದವೂ ಬೇಕು. ಮುಖದ ಫೋಟೋಗೆ 85 ಎಂಎಂ ಲೆನ್ಸು, ಅಂದರೆ ದೂರದಿಂದಲೇ ಮುಖ ಹತ್ತಿರ ತೋರಿಸುವ ಲೆನ್ಸು, ಹಾಕಿದರೆ ನಾನು 8-10 ಅಡಿ ಹಿಂದೆ ಸರಿಯಬೇಕು. ಅವರ ಬೆನ್ನ ಹಿಂದೆಯೂ ಅಷ್ಟೋ ಅದಕ್ಕಿಂತ ಜಾಸ್ತಿಯೋ ಖಾಲಿ ಇದ್ದರೆ ಹಿನ್ನೆಲೆ ಮಬ್ಬಾಗುತ್ತದೆ. ಮೊಬೈಲ್ ಹಿಡಿದು ಹತ್ತಿರ ಹೋದರೆ ಮೂಗು ದಪ್ಪ ಆಗುತ್ತದೆ, ಅಲ್ವಾ? ಅದು ಮೂಗಿನ ತಪ್ಪಲ್ಲ, ದೂರ ಸಾಲದ್ದು.

ಹೊತ್ತಿನ ವಿಷಯದಲ್ಲಿ ಮಲೆನಾಡು ಮೋಸ ಮಾಡುತ್ತದೆ. ಪಂಚಾಂಗದ ಸೂರ್ಯಾಸ್ತವೇ ಬೇರೆ, ಗುಡ್ಡದ ಸೂರ್ಯಾಸ್ತವೇ ಬೇರೆ. ಪಶ್ಚಿಮಕ್ಕೆ ಗುಡ್ಡ ಇದ್ದರೆ ಸಂಜೆಯ ಹೊಂಬಿಸಿಲು ನಿಮಗೆ ಸಿಗುವ ಮೊದಲೇ ಮುಗಿದಿರುತ್ತದೆ. ಅದಕ್ಕೇ ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ಸುಮ್ನೆ ನಿಂತು ನೋಡಿ ಬನ್ನಿ. ಆಗುಂಬೆಯಲ್ಲಿ ಪಶ್ಚಿಮ ತೆರೆದಿದೆ, ನಿಜ. ಆದರೆ ಸೂರ್ಯ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪು.

ಮಳೆಗಾಲಕ್ಕೆ ಹೆದರಬೇಡಿ. ಮೋಡ ಕವಿದ ದಿನ ಆಕಾಶಕ್ಕೆ ಬಿಳಿ ಪಂಚೆ ಕಟ್ಟಿದ ಹಾಗೆ. ಮುಖದ ಮೇಲೆ ಒಂದು ಗಡಸು ನೆರಳೂ ಬೀಳುವುದಿಲ್ಲ. ಎಸಿ ಕಾರಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಮಾತ್ರ ಲೆನ್ಸಿಗೆ ಹಬೆ ಕೂರುತ್ತದೆ. ಬ್ಯಾಗಿನಲ್ಲೇ ಸ್ವಲ್ಪ ಹೊತ್ತು ಬಿಡಿ. ಇಂಬಳಕ್ಕೆ ಉಪ್ಪು ಇಟ್ಟುಕೊಳ್ಳಿ. ಪಾಚಿ ಕಟ್ಟಿದ ಬಂಡೆ ಮೇಲೆ ಪೋಸು ಬೇಡವೇ ಬೇಡ.

ಹಳೆಯ ಕಲ್ಲು ಬೇಕು ಅನ್ನುವವರಿಗೆ ಇಕ್ಕೇರಿಯ ಅಘೋರೇಶ್ವರ ಇದೆ, ತುಂಗೆ-ಭದ್ರೆ ಸೇರುವ ಕೂಡ್ಲಿ ಇದೆ. ಕಲ್ಲಿನ ಬೂದು ಬಣ್ಣದ ಮುಂದೆ ಮುಖ ಚೆನ್ನಾಗಿ ಎದ್ದು ಕಾಣುತ್ತದೆ. ಊರೊಳಗೇ ಬೇಕಾದರೆ ಶಿವಪ್ಪನಾಯಕ ಅರಮನೆಯ ಮರದ ಕಂಬಗಳ ನೆರಳು. ಇಂಥ ಕಡೆ ಟ್ರೈಪಾಡ್, ಲೈಟು ಹೊತ್ತು ಹೋಗುವ ಮೊದಲು ಅನುಮತಿ ಕೇಳಿ. ಶೆಟ್ಟಿಹಳ್ಳಿಯಂಥ ಅಭಯಾರಣ್ಯಕ್ಕೂ ಅಷ್ಟೇ. ಕವಿಶೈಲದಲ್ಲಿ ಮಾತ್ರ ನಾನು ಮದುವೆ ಜೋಡಿಗೆ ಪೋಸು ಕೊಡಿಸುವುದಿಲ್ಲ. ಕುವೆಂಪು ಮಲಗಿರುವ ಜಾಗ ಅದು. ಅಲ್ಲಿ ದುಪಟ್ಟಾ ಹಾರಿಸಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಮೊನ್ನೆ ಆ ಅಡಿಕೆ ಬೆಳೆಗಾರರು ಫೋನ್ ಮಾಡಿದ್ದರು. ಮಗಳ ಮದುವೆ ಗೊತ್ತಾಗಿದೆ, ಫೋಟೋ ಆಗಬೇಕಂತೆ. "ನಿಮ್ಮ ಜಗುಲಿಯಲ್ಲೇ ತೆಗೆಯೋಣ ಅಲ್ವಾ?" ಅಂದೆ.

"ನಾನೂ ಅದನ್ನೇ ಹೇಳಿದೆ ಮಾರಾಯ್ರೇ. ಹುಡುಗನ ಕಡೆಯವರು ಕೇಳ್ಬೇಕಲ್ಲ. ಜೋಗವೇ ಆಗಬೇಕಂತೆ."

ಭಾನುವಾರ ಹೊರಡುವುದು. ಕ್ಯಾಮೆರಾಗೊಂದು, ನನಗೊಂದು ರೇನ್‌ಕೋಟು ಹುಡುಕಿಡಬೇಕು. ನಮಸ್ಕಾರ.